ಮಳೆಗಾಲದ ಕೋವಿಗೆ ಎಣ್ಣೆಯೋ, ಮೇಣವೋ, ಒಣಗಾಳಿಯೋ?

ಆಗಸ್ಟ್ ತಿಂಗಳಲ್ಲಿ ಕೊಡಗಿನ ಯಾವುದಾದರೂ ಮನೆಯ ಜೋಡಿ ನಳಿಗೆ ಕೋವಿಯನ್ನು ಬಿಚ್ಚಿ ನೋಡಿ. ಹೊರಗೆ ನಳಿಗೆ ಫಳಫಳ ಹೊಳೆಯುತ್ತದೆ, ಕೈಗೆ ಎಣ್ಣೆ ಅಂಟುತ್ತದೆ. ನಳಿಗೆಯಡಿಯ ಮರದ ತುಂಡನ್ನು, ಅಂದರೆ ಫೋರೆಂಡನ್ನು ಕಳಚಿದರೆ ಕಬ್ಬಿಣ ಮರಕ್ಕೆ ತಾಗುವ ಗೆರೆಯುದ್ದಕ್ಕೂ ಕುಂಕುಮ ಉದುರಿಸಿದಂತೆ ಕೆಂಪು ಹುಡಿ. ಎಣ್ಣೆ ಕಮ್ಮಿಯಾಗಿ ಹಿಡಿದ ತುಕ್ಕಲ್ಲ ಇದು. ಮರ ತೇವ ಕುಡಿದು ಕಬ್ಬಿಣಕ್ಕೆ ಒತ್ತಿಕೊಂಡು ಕೂತಿತ್ತು, ಎಣ್ಣೆ ಅಲ್ಲಿಗೆ ತಲುಪಲೇ ಇಲ್ಲ.

‘ಯಾವ ಎಣ್ಣೆ ಒಳ್ಳೆಯದು’ ಎಂಬ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಸಿಗದಿರುವುದು ಈ ಕಾರಣಕ್ಕೇ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ಜುಲೈಯಲ್ಲಿ ಗಾಳಿಯ ಸಾಪೇಕ್ಷ ತೇವಾಂಶ ದಿನಗಟ್ಟಲೆ ಶೇ 90ರ ಮೇಲೆಯೇ ನಿಂತಿರುತ್ತದೆ. ಉಕ್ಕಿಗೆ ತುಕ್ಕು ಜೋರಾಗಿ ಹಿಡಿಯಲು ಶೇ 60 ದಾಟಿದರೆ ಸಾಕು. ಬೆರಳಿನ ಬೆವರಿನ ಉಪ್ಪೋ ಮದ್ದಿನ ಮಸಿಯೋ ಇದ್ದರೆ ಅಷ್ಟೂ ಬೇಡ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿದೆ. ಹಾಗಾಗಿ ಅಜ್ಜನ ಕಾಲದ ಕೋವಿಗಳು ಇನ್ನೂ ಮನೆಗಳಲ್ಲಿವೆ. ಅವುಗಳ ನೀಲಿ ಪಾಲಿಶ್ ಸವೆದು ಬಿಳಿ ಕಬ್ಬಿಣ ಕಾಣತೊಡಗಿ ಬಹಳ ಕಾಲವಾಗಿದೆ. ಆ ನೀಲಿಯೂ ಕಬ್ಬಿಣದ ಒಂದು ಆಕ್ಸೈಡೇ. ತಾನಾಗಿ ತುಕ್ಕು ತಡೆಯುವುದಕ್ಕಿಂತ ಹೆಚ್ಚಾಗಿ ಅದು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಹೋದಲ್ಲಿ ಎಣ್ಣೆ ನಿಲ್ಲುವುದು ಅರ್ಧ ದಿನದ ಮಾತು.

ಮೊದಲು ಕೇಳಿಕೊಳ್ಳಬೇಕಾದ್ದು

ಅಂಗಡಿಗೆ ಹೋಗುವ ಮುಂಚೆ ನಾಲ್ಕು ಪ್ರಶ್ನೆ. ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು: ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ 3ರ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ವರೆಗಿನ ಮೂರು ತಿಂಗಳಲ್ಲಿ ಕೋವಿಯನ್ನು ಯಾರು, ಎಷ್ಟು ಸಲ ಕೈಗೆತ್ತಿಕೊಳ್ಳುತ್ತಾರೆ? ವಾರಕ್ಕೊಮ್ಮೆ ಬಟ್ಟೆಯಾಡಿಸುವವರಿರುವ ಮನೆಗೂ, ಯಜಮಾನರು ಬೆಂಗಳೂರಿನಲ್ಲಿದ್ದು ಬೀಗ ಹಾಕಿಟ್ಟ ಮನೆಗೂ ಒಂದೇ ಮದ್ದು ನಡೆಯದು. ಎರಡನೆಯದು, ಅದರಲ್ಲಿ ಹೊಡೆಯುವುದು ತೋಟೆಯೋ (ಕಾರ್ಟ್ರಿಜ್), ಬಾಯಿಯಿಂದ ತುಂಬುವ ಕರಿಮದ್ದೋ? ಮೂರನೆಯದು, ಇಡುವ ಜಾಗ: ಕಬ್ಬಿಣದ ಕಪಾಟೋ, ಮರದ್ದೋ, ಕರೆಂಟು ನಿಲ್ಲುತ್ತದೋ? ನಾಲ್ಕನೆಯದು, ಹೊರತೆಗೆದ ದಿನ ಅದನ್ನು ಒರೆಸಿ ಸಿದ್ಧ ಮಾಡಲು ಎಷ್ಟು ಹೊತ್ತು ಕೊಡಬಲ್ಲಿರಿ?

ಬೆಲೆ ಐದನೆಯದು, ಅದೂ ಕೊನೆಗೆ. ತುಕ್ಕು ತಡೆಯುವ ಸಾಮಾನಿನಲ್ಲಿ ಅಗ್ಗದ್ದು ಚೆನ್ನಾಗಿ ಕೆಲಸ ಮಾಡುವ ಸಂದರ್ಭ ಬಹಳ. ದುಬಾರಿಯದ್ದು ದಂಡವಾಗುವ ಸಂದರ್ಭ ಅದಕ್ಕಿಂತ ಬಹಳ.

ಯಾವ ಆಯ್ಕೆಗೂ ಮುಂಚೆ: ನೀರು ಹೊರಗೆ

ನೀರಿನ ಮೇಲೆ ಎಣ್ಣೆ ಹಚ್ಚಿದರೆ ನೀರನ್ನು ಒಳಗಿಟ್ಟು ಮುಚ್ಚಳ ಹಾಕಿದಂತೆ. ಮಳೆಯಲ್ಲಿ ನೆನೆದು ಬಂದ ಕೋವಿ ಖಾಲಿಯಿದೆಯೇ ಎಂದು ಮೊದಲು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ನಳಿಗೆ, ಫೋರೆಂಡ್, ಬಟ್ಟು (ಭುಜಕ್ಕೆ ಒರಗುವ ಮರದ ಭಾಗ) ಬೇರೆ ಮಾಡಿ. ಹಳೆಯ ಹತ್ತಿಯ ಪಂಚೆ ಇದಕ್ಕೆ ಲಾಯಕ್ಕು, ನೈಲಾನ್ ಬಟ್ಟೆ ನೀರು ಹೀರುವುದಿಲ್ಲ. ನಳಿಗೆಯೊಳಗೆ ತೋಟೆಯ ಕಡೆಯಿಂದ ಒಣ ಬಟ್ಟೆ ತಳ್ಳಿ, ಒದ್ದೆ ಕಾಣದಾಗುವವರೆಗೆ ಬದಲಾಯಿಸಿ. ಎಕ್ಸ್‌ಟ್ರ್ಯಾಕ್ಟರಿನ (ಖಾಲಿ ತೋಟೆ ಎಳೆಯುವ ಕೊಕ್ಕೆಯ) ಸಂದು, ತೋಟೆಗೆ ಏಟು ಕೊಡುವ ಫೈರಿಂಗ್ ಪಿನ್ನಿನ ತೂತು, ಬೆಲ್ಟಿನ ಕೊಂಡಿ, ಬಟ್ ಪ್ಲೇಟಿನ ಸ್ಕ್ರೂ ಇವೆಲ್ಲ ನೀರು ಅಡಗುವ ಜಾಗ. ಇವಕ್ಕೆ ನೀರು ಹೊರದಬ್ಬುವ ಸ್ಪ್ರೇ, ಅಂದರೆ ಡಬ್ಲ್ಯೂಡಿ-40 ಥರದ್ದು, ಸ್ವಲ್ಪ ಹೊಡೆದು ಕಾಲು ಗಂಟೆ ಬಿಟ್ಟು ಒರೆಸಿ. ಫ್ಯಾನಿನ ಗಾಳಿಗೆ ಒಂದು ರಾತ್ರಿ ಬಿಡಬಹುದು, ಒಲೆಯ ಹತ್ತಿರ ಬೇಡ: ಮರ ಒಂದು ಕಡೆ ಬೇಗ ಒಣಗಿ ಸೀಳುತ್ತದೆ.

ರಕ್ಷಣೆಯ ಎಣ್ಣೆ ಹಚ್ಚುವುದು ಆಮೇಲೆ. ಮಾರನೆಯ ದಿನ ಇನ್ನೊಮ್ಮೆ ನೋಡುವುದನ್ನು ಬಿಡಬೇಡಿ. ಸಂದಿನಲ್ಲಿ ಉಳಿದ ನೀರು 24 ಗಂಟೆಯೊಳಗೆ ಕಂದು ಕಣ್ಣೀರಿನ ಹಾಗೆ ಹೊರಗೆ ಇಳಿದಿರುತ್ತದೆ.

ಮೈಗೆ ಹಚ್ಚುವವು

ಕೊಬ್ಬರಿ ಎಣ್ಣೆಯ ಮಾತು ಮೊದಲು ಮುಗಿಸೋಣ, ಮನೆಯಲ್ಲಿ ಸುಲಭಕ್ಕೆ ಸಿಗುವುದು ಅದೇ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಮಳೆಗಾಲದ ಮಡಿಕೇರಿ ಹೆಚ್ಚಿನ ಹೊತ್ತು ಅದಕ್ಕಿಂತ ತಣ್ಣಗೆ. ಕೋವಿಯ ಕುದುರೆಯ (ಟ್ರಿಗರ್) ಒಳಗಿನ ಸ್ಪ್ರಿಂಗಿಗೆ ಹಾಕಿದ್ದು ಬೆಣ್ಣೆಯಂತೆ ಹೆಪ್ಪುಗಟ್ಟಿ ಸುತ್ತಿಗೆಯ ಏಟನ್ನು ಮೆದುವಾಗಿಸುತ್ತದೆ. ಕಾಲ ಕಳೆದಂತೆ ಹಳಸಿ ಹುಳಿಯಾಗುತ್ತದೆ, ಆ ಆಮ್ಲ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಎಬ್ಬಿಸುತ್ತದೆ. ಎಳ್ಳೆಣ್ಣೆ, ಸಾಸಿವೆ ಎಣ್ಣೆಗೂ ಇದೇ ಗತಿ: ಒಣಗಿ ಅಂಟಾಗುತ್ತವೆ. ತಿನ್ನುವ ಎಣ್ಣೆ ಕೋವಿಗೆ ಬೇಡ.

ಹೊಲಿಗೆ ಮೆಶಿನ್ನಿನ ತೆಳು ಮಿನರಲ್ ಎಣ್ಣೆ ಅಗ್ಗ, ಹಳಸುವುದಿಲ್ಲ, ಎಲ್ಲ ಸಂದಿಗೂ ಇಳಿಯುತ್ತದೆ. ಇಳಿಯುವುದೇ ಅದರ ದೋಷವೂ. ನೆಟ್ಟಗೆ ನಿಲ್ಲಿಸಿದ ಕೋವಿಯ ಮೇಲಿಂದ ಒಂದೆರಡು ವಾರದಲ್ಲಿ ಜಾರಿ, ನಳಿಗೆಯ ಬುಡದಿಂದ ಬಟ್ಟಿನ ಕತ್ತಿನ ಮರಕ್ಕೆ ಸೇರುತ್ತದೆ. ಹತ್ತಾರು ವರ್ಷ ಹೀಗೆ ಎಣ್ಣೆ ಕುಡಿದ ಮರ ಕಪ್ಪಾಗಿ, ಮೆತ್ತಗಾಗಿ, ಏಟು ತಾಳದೆ ಸೀಳುತ್ತದೆ. ವಾರಕ್ಕೊಮ್ಮೆ ಒರೆಸುವ ಕೈ ಇದ್ದರೆ ಮಾತ್ರ ಇದನ್ನು ಆರಿಸಿ, ಮತ್ತು ಕೋವಿಯನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಬಾಯಿಯಡಿಗೆ ಮಡಿಸಿದ ಬಟ್ಟೆಯಿರಲಿ, ವಾರಕ್ಕೊಮ್ಮೆ ಅದನ್ನು ಬದಲಿಸಿ. ಪ್ರಮಾಣವೂ ನೆನಪಿರಲಿ: ಇಡೀ ಕೋವಿಯ ಹೊರಮೈಗೆ ಬಟ್ಟೆಯ ಮೇಲೆ ಐದಾರು ಹನಿ, ಒಳಗಿನ ಚಲಿಸುವ ಭಾಗಕ್ಕೆ ತಲಾ ಒಂದು ಹನಿ. ತೊಟ್ಟಿಕ್ಕುವಷ್ಟು ಹಾಕಿದ ಎಣ್ಣೆ ಧೂಳು ಹಿಡಿದು ಅರಗಾಗುತ್ತದೆ.

ಡಬ್ಲ್ಯೂಡಿ-40ಯನ್ನೇ ಕೊನೆಯ ಲೇಪ ಮಾಡಿ ಮಲಗಿಸುವುದು ತುಂಬಾ ಕಡೆ ಕಾಣುವ ತಪ್ಪು. 1953ರಲ್ಲಿ ಅದನ್ನು ಮಾಡಿದ್ದು ನೀರನ್ನು ಹೊರದಬ್ಬಲು, ಹೆಸರಿನ ಮೊದಲ ಎರಡು ಅಕ್ಷರಗಳ ಅರ್ಥವೇ ಅದು. ಅದರ ಹೆಚ್ಚಿನ ಪಾಲು ಆವಿಯಾಗುವ ದ್ರಾವಕ, ಆಮೇಲೆ ಉಳಿಯುವ ಪೊರೆ ಬಹಳ ತೆಳು. ಒಳ್ಳೆಯ ಆಳು, ಆದರೆ ಕಾವಲುಗಾರನಲ್ಲ. ಬ್ಯಾಲಿಸ್ಟಾಲ್ 1904ರಿಂದ ಬಂದ ಜರ್ಮನ್ ಎಣ್ಣೆ, ಸ್ವಲ್ಪ ಕ್ಷಾರೀಯ, ಮರಕ್ಕೂ ಚರ್ಮಕ್ಕೂ ತೊಂದರೆ ಮಾಡದು, ನೀರಿನೊಂದಿಗೆ ಬೆರೆಯುವುದರಿಂದ ಕರಿಮದ್ದಿನ ಕೋವಿಗೆ ಚೆನ್ನ. ಒಂದೇ ಡಬ್ಬಿಯಲ್ಲಿ ಎಲ್ಲ ಆಗಬೇಕು ಎನ್ನುವವರಿಗೆ ಅದು ಸರಿ. ಆದರೆ ಮೂರು ತಿಂಗಳ ಒಂಟಿತನಕ್ಕೆ ಅದೂ ತೆಳುವೇ.

ಈ ಪಟ್ಟಿಯಲ್ಲಿ ಜನ ಗಮನಿಸದ ಒಳ್ಳೆಯ ಸರಕು ಒಂದಿದೆ: ಕಾರ್ಖಾನೆಗಳು ಯಂತ್ರದ ಬಿಡಿಭಾಗಕ್ಕೆ ಹಚ್ಚುವ ರಸ್ಟ್ ಪ್ರಿವೆಂಟಿವ್ ಎಣ್ಣೆ, ಅಂಗಡಿಯ ಭಾಷೆಯಲ್ಲಿ ‘ಆರ್‌ಪಿ ಆಯಿಲ್’. ಟೂಲ್ಸ್ ಅಂಗಡಿಗಳಲ್ಲಿ ಲೀಟರ್ ಲೆಕ್ಕದಲ್ಲಿ ಸಿಗುತ್ತದೆ, ಚಿಕ್ಕ ಬಾಟಲಿಯ ಗನ್ ಆಯಿಲ್‌ಗಿಂತ ಎಷ್ಟೋ ಅಗ್ಗ. ನೀರು ದಬ್ಬಿ, ಆವಿಯಾಗಿ, ಮೇಣದಂಥ ತೆಳು ಪೊರೆ ಬಿಡುವ ಬಗೆಯನ್ನೇ ಕೇಳಿ. ಡಬ್ಬಿಯ ಮೇಲೆ ಒಳಾಂಗಣ ರಕ್ಷಣೆ ಎಷ್ಟು ತಿಂಗಳು ಎಂದು ಬರೆದಿರುತ್ತದೆ. ಆರು ತಿಂಗಳಿಗಿಂತ ಕಮ್ಮಿಯದ್ದು ಬೇಡ. ಮರಕ್ಕೆ ತಾಗಿಸಬೇಡಿ, ವಾರ್ನಿಷ್ ಮೆತ್ತಗಾಗಬಹುದು.

ಗ್ರೀಸ್ ಅತಿ ದೀರ್ಘ ನಿದ್ದೆಗೆ. ಪೊರೆ ದಪ್ಪ, ಜಾರುವುದಿಲ್ಲ. ಬೆಲೆಯನ್ನು ಹೊರತೆಗೆಯುವ ದಿನ ತೆರಬೇಕು: ಸೀಮೆಎಣ್ಣೆಯಲ್ಲಿ ತೊಳೆದು, ನಳಿಗೆಯೊಳಗೆ ಬಟ್ಟೆ ಪೂರಾ ಒಣಗಿ ಬರುವವರೆಗೆ ತಳ್ಳಬೇಕು. ಇದರಲ್ಲಿ ಉದಾಸೀನ ಸಲ್ಲದು. ನಳಿಗೆಯಲ್ಲಿ ಉಳಿದ ಗ್ರೀಸಿನ ಗಡ್ಡೆ ಗುಂಡಿಗೆ ಅಡ್ಡವಾಗಿ ಒತ್ತಡ ಏರಿಸುತ್ತದೆ, ನಳಿಗೆ ಉಬ್ಬಬಹುದು, ಸೀಳಬಹುದು. ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುರಿಯಿಡುವ ಗಡಿಬಿಡಿಯಲ್ಲಿ ಕೋವಿ ತೆಗೆದು ನೇರ ಬಯಲಿಗೆ ಒಯ್ಯುವ ಮನೆಯಾದರೆ ಗ್ರೀಸನ್ನು ಆರಿಸಲೇಬೇಡಿ.

ಮೇಣಕ್ಕೆ ಬೇರೆಯೇ ಜಾಗ. ಹೊರಮೈಯ ಕಬ್ಬಿಣಕ್ಕೂ ಬಟ್ಟಿನ ಮರಕ್ಕೂ ಅದೊಂದೇ ಸರಕು ಆಗುತ್ತದೆ. ಬೆರಳಿನ ಬೆವರು ಅದನ್ನು ದಾಟುವುದಿಲ್ಲ, ಜಾರುವುದಿಲ್ಲ, ಧೂಳು ಹಿಡಿಯುವುದಿಲ್ಲ. ಮೈಕ್ರೋಕ್ರಿಸ್ಟಲೈನ್ ಮೇಣ ಉತ್ತಮ, ಬೆಲೆ ಜಾಸ್ತಿ. ಮರದ ಪಾಲಿಶಿನ ಪೇಸ್ಟ್ ಮೇಣ ಸಾಕಷ್ಟು ಒಳ್ಳೆಯದು. ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿದರೂ ನಡೆಯುತ್ತದೆ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಬೆಂಕಿಯ ಮೇಲೆ ನೇರವಾಗಿ ಬೇಡ. ಒಣಗಿದ ನಳಿಗೆಗೆ ಬಟ್ಟೆಯಿಂದ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು ಉಜ್ಜಿ, ಎರಡನೆಯ ಸಲ ಮತ್ತೆ. ನಳಿಗೆಯ ಒಳಗೆ, ಕುದುರೆ, ಸ್ಪ್ರಿಂಗುಗಳಿರುವ ಕೋವಿಯ ಬೀಗದ (ಲಾಕ್) ಒಳಗೆ ಮೇಣ ಹೋಗಬಾರದು. ಹೊರಗೆ ಮೇಣ, ಒಳಗೆ ಎಣ್ಣೆ: ಬಳಸುತ್ತಿರುವ ಕೋವಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ ಎಂದೇ ನಮ್ಮ ಅಭಿಪ್ರಾಯ. ಫೋರೆಂಡಿನ ಒಳಗಿನ ಬರೀ ಮರಕ್ಕೂ ಮೇಣ ಕುಡಿಸಿ. ಮೊದಲು ಹೇಳಿದ ಕುಂಕುಮದ ಗೆರೆಗೆ ಮದ್ದು ಅಲ್ಲಿದೆ.

ಸುತ್ತಲಿನ ಗಾಳಿಗೆ ಮಾಡುವವು

ಲೇಪ ಎಷ್ಟೇ ಚೆನ್ನಾಗಿದ್ದರೂ ಶೇ 90ರ ಗಾಳಿಯಲ್ಲಿ ಮೂರು ತಿಂಗಳು ಒಂದೇ ಕಾವಲು ಸಾಲದು. ಇಲ್ಲಿ ಮೊದಲ ಖರ್ಚು ಕೆಲವು ನೂರು ರೂಪಾಯಿಯ ತೇವಾಂಶದ ಮೀಟರು. ಅದರ ಮಾತು ನಂಬಬಹುದೇ ಎಂದು ತಿಳಿಯಲು ಒಂದು ಮುಚ್ಚಳ ಉಪ್ಪಿಗೆ ಕೆಸರಾಗುವಷ್ಟು ನೀರು ಹಾಕಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಇಡಿ. ಅದು 75 ತೋರಿಸಬೇಕು. 80 ತೋರಿಸಿದರೆ ಐದು ಕಳೆದು ಓದಿ. ಕಪಾಟಿನಲ್ಲಿ ಬೇಕಾದ್ದು 45ರಿಂದ 55. ಅದಕ್ಕಿಂತ ತೀರಾ ಒಣಗಿದರೆ ಮರ ಕುಗ್ಗಿ ಸ್ಕ್ರೂ ಸಡಿಲವಾಗುತ್ತದೆ.

ಸಿಲಿಕಾ ಜೆಲ್ ಎಲ್ಲರಿಗೂ ಗೊತ್ತು, ಎಷ್ಟು ಬೇಕೆಂಬುದು ಗೊತ್ತಿರುವವರು ಕಮ್ಮಿ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರು ಹಿಡಿಯುತ್ತದೆ. ಅರ್ಧ ಘನ ಮೀಟರಿನ ಕಪಾಟಿನಲ್ಲಿ ಅದು 12 ಗ್ರಾಂ ಕೂಡ ಆಗದು. ಅಸಲು ನೀರಿರುವುದು ಮರದಲ್ಲಿ: ಒಂದು ಕೆ.ಜಿ. ಮರದ ತೇವ ಶೇ 20ರಿಂದ 10ಕ್ಕೆ ಇಳಿಯಬೇಕಾದರೆ ನೂರು ಗ್ರಾಂ ಹತ್ತಿರ ನೀರು ಹೊರಬರಬೇಕು. ಜೆಲ್ ಈ ಮಟ್ಟದಲ್ಲಿ ಹೀರುವುದು ತನ್ನ ತೂಕದ ಕಾಲು ಭಾಗದ ಆಸುಪಾಸು. ಹಾಗಾಗಿ ಒಂದು ಕೋವಿಗೆ ಅರ್ಧ ಕೆ.ಜಿ. ಇಟ್ಟರೆ ಮಾತ್ರ ಕೆಲಸ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಣ್ಣ ಪೊಟ್ಟಣ ನಾಲ್ಕು ಹಾಕಿ ನೆಮ್ಮದಿಯಾಗಿರುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ. ಬಣ್ಣ ಬದಲಾದಾಗ 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಹೊಸದು. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಪಾತ್ರೆಯಲ್ಲಿ ಕಾಯಿಸಬೇಡಿ, ಕಿತ್ತಳೆ ಬಣ್ಣದ್ದು ಕೊಳ್ಳಿ. ಒಂದು ಷರತ್ತು: ಕಪಾಟಿನ ಬಾಗಿಲಿಗೆ ರಬ್ಬರ್ ಪಟ್ಟಿ ಇರಬೇಕು. ಇಲ್ಲವಾದರೆ ಜೆಲ್ ಇಡೀ ಕೋಣೆಯನ್ನು ಒಣಗಿಸಲು ಹೊರಟು ನಾಲ್ಕೇ ದಿನದಲ್ಲಿ ಸೋಲುತ್ತದೆ.

ಬೀರುವಿಗೆಂದು ಮಾರುವ, ಕೆಳಗೆ ನೀರು ತುಂಬುವ ಬಿಳಿ ಹರಳಿನ ಡಬ್ಬಿಗಳು ಕ್ಯಾಲ್ಸಿಯಂ ಕ್ಲೋರೈಡ್. ಹೀರುವ ಶಕ್ತಿ ಜೆಲ್‌ಗಿಂತ ಎಷ್ಟೋ ಹೆಚ್ಚು, ಬೆಲೆಯೂ ಕಮ್ಮಿ. ಆದರೆ ಆ ನೀರು ಗಟ್ಟಿ ಉಪ್ಪುನೀರು. ಡಬ್ಬಿ ಒಮ್ಮೆ ಉರುಳಿದರೆ ತುಕ್ಕಿಗೆ ಔತಣ ಕೊಟ್ಟಂತೆ. ಬಟ್ಟೆಯ ಬೀರುವಿಗೆ ಸರಿ, ಕೋವಿಯ ಜೊತೆ ಬೇಡ.

ಬಿಸಿ ಮಾಡುವ ಕ್ರಮ ಹಳೆಯದು. ಗಾಳಿಯನ್ನು 20ರಿಂದ 25 ಡಿಗ್ರಿಗೆ ಏರಿಸಿದರೆ ಶೇ 95ರ ತೇವಾಂಶ 70ಕ್ಕೆ ಇಳಿಯುತ್ತದೆ, 28ಕ್ಕೆ ಏರಿಸಿದರೆ 60ರ ಹತ್ತಿರ. 15 ವಾಟಿನ ಹಳೆಯ ‘ಜೀರೋ ಬಲ್ಬು’ ಸಣ್ಣ ಕಪಾಟಿಗೆ ಈ ಕೆಲಸ ಮಾಡುತ್ತಿತ್ತು. ಎಲ್‌ಇಡಿ ಬಲ್ಬಿಗೆ ಆ ಬಿಸಿ ಇಲ್ಲ. ಈಗ ಅದೇ ಕೆಲಸಕ್ಕೆ ಕಪಾಟಿನ ತಳದಲ್ಲಿ ಕೂರುವ ಹೀಟಿಂಗ್ ರಾಡ್ ಬರುತ್ತದೆ. ಇದಕ್ಕೆ ಕಪಾಟಿನ ಮೇಲೂ ಕೆಳಗೂ ಗಾಳಿತೂತು ಬೇಕು, ಜೆಲ್‌ಗೆ ಬೇಕಾದ್ದರ ತದ್ವಿರುದ್ಧ. ಎರಡನ್ನೂ ಒಟ್ಟಿಗೆ ಇಡುವುದು ದಂಡ. ತೋಟೆಗಳನ್ನು ಅಲ್ಲಿಂದ ತೆಗೆದು ಬೇರೆ ಕಡೆ ಬೀಗದಲ್ಲಿಡಿ. ದೊಡ್ಡ ಕೊರತೆ ಎಂದರೆ ಕರೆಂಟು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದ ವಾರವೇ ಕೋವಿಗೆ ಬಿಸಿ ಬೇಕಾದ ವಾರ, ತಣ್ಣಗಾದ ಕಬ್ಬಿಣದ ಮೇಲೆ ಆಗ ಇಬ್ಬನಿ ಕೂರುತ್ತದೆ.

ವಿಸಿಐ (ವೋಲಟೈಲ್ ಕರೋಶನ್ ಇನ್ಹಿಬಿಟರ್) ಚೀಲ ಅಥವಾ ಕಾಗದ ಕರೆಂಟು ಕೇಳುವುದಿಲ್ಲ. ಅದರಿಂದ ಹೊರಡುವ ಆವಿ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಪೊರೆಯಾಗಿ ಕೂತು ತುಕ್ಕು ತಡೆಯುತ್ತದೆ. ಗಾಳಿ ಒಣಗಿಸುವುದು ಅದರ ಕೆಲಸವಲ್ಲ. ಚೀಲದ ಬಾಯಿ ಮುಚ್ಚಿರಬೇಕು, ಕೋವಿ ಒಣಗಿರಬೇಕು, ದಪ್ಪ ಗ್ರೀಸ್ ಇದ್ದರೆ ಆವಿ ಕಬ್ಬಿಣ ಮುಟ್ಟದು. ನಳಿಗೆಯೊಳಕ್ಕೆ ವಿಸಿಐ ಕಾಗದದ ಸುರುಳಿಯೊಂದನ್ನು ಸೇರಿಸಿ, ತುದಿ ಒಂದು ಗೇಣು ಹೊರಗೆ ಕಾಣುವಂತಿರಲಿ. ಮರೆತು ತೋಟೆ ಹಾಕುವವರಿಗೆ ಅದೇ ಎಚ್ಚರಿಕೆ. ಹಿತ್ತಾಳೆ, ಬೆಳ್ಳಿಯ ಕೆಲಸವಿರುವ ಕೋವಿಗೆ ಬಹುಲೋಹದ್ದೆಂದು ಬರೆದಿರುವ ಬಗೆಯೇ ಬೇಕು.

ಚರ್ಮದ ಅಥವಾ ಕ್ಯಾನ್ವಾಸಿನ ಕವರು ಇವ್ಯಾವುದರ ಸಾಲಿಗೂ ಸೇರದು. ಅದು ಸಾಗಿಸಲು. ಒಳಗಿನ ಉಣ್ಣೆ, ಸ್ಪಂಜು ನೀರು ಕುಡಿಯುತ್ತವೆ, ಹದ ಮಾಡಿದ ಚರ್ಮದ ಆಮ್ಲ ಕಬ್ಬಿಣ ತಿನ್ನುತ್ತದೆ.

ಕೇಪಿನ ಕೋವಿಗೆ ಬೇರೆ ಲೆಕ್ಕ

ಬಾಯಿಯಿಂದ ಕರಿಮದ್ದು ತುಂಬಿ ಕೇಪು ಸಿಡಿಸಿ ಹೊಡೆಯುವುದು ಕೇಪಿನ ಕೋವಿ. ಕರಿಮದ್ದು ಉರಿದಾಗ ಉಳಿಯುವ ಮಸಿಯಲ್ಲಿ ಪೊಟ್ಯಾಸಿಯಂ ಲವಣಗಳಿರುತ್ತವೆ, ಅವು ಗಾಳಿಯ ತೇವವನ್ನು ತಾವೇ ಎಳೆದುಕೊಳ್ಳುತ್ತವೆ. ಎಣ್ಣೆಯಲ್ಲಿ ಅವು ಕರಗವು, ನೀರಿನಲ್ಲಿ ಮಾತ್ರ ಕರಗುತ್ತವೆ. ತುಕ್ಕಿಗೆ ಹೆದರಿ ನೀರು ತಾಗಿಸದೆ ಬರೀ ಎಣ್ಣೆ ಹಾಕಿದ ನಳಿಗೆಯೇ ಬೇಗ ಹಾಳಾಗುವುದು ಹೀಗೆ. ಹೊಡೆದ ಸಂಜೆಯೇ, ಗಜದ ಕಡ್ಡಿ ಇಳಿಸಿ ನಳಿಗೆ ಖಾಲಿಯೆಂದು ಖಚಿತ ಮಾಡಿಕೊಂಡು (ಖಾಲಿ ನಳಿಗೆಯ ಆಳಕ್ಕೆ ಕಡ್ಡಿಯ ಮೇಲೆ ಒಂದು ಗೀರು ಹಾಕಿಟ್ಟುಕೊಳ್ಳಿ), ಕೇಪು ಕೂರುವ ನಿಪ್ಪಲ್ ಬಿಚ್ಚಿ, ಕೈ ತಾಳದಷ್ಟು ಬಿಸಿಯ ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ ಮೂರ್ನಾಲ್ಕು ಸಲ ತೊಳೆಯಿರಿ. ಕೊನೆಗೆ ಬರೀ ಬಿಸಿನೀರು. ಒಣಬಟ್ಟೆ, ನೀರು ದಬ್ಬುವ ಸ್ಪ್ರೇ, ಎಣ್ಣೆ ಇದೇ ಸರದಿಯಲ್ಲಿ. ಮದ್ದು ತುಂಬಿಟ್ಟೇ ಗೋಡೆಗೆ ಒರಗಿಸುವ ಹಳೆಯ ಅಭ್ಯಾಸ ಅಪಾಯದ್ದು, ಸಾಲದ್ದಕ್ಕೆ ಮದ್ದು ಕೂತ ಜಾಗದಲ್ಲಿ ನಳಿಗೆಯೊಳಗೆ ಉಂಗುರದ ಹಾಗೆ ತುಕ್ಕು ಕೊರೆಯುತ್ತದೆ.

ಮಾಡರೇಟರ್ ಇರುವ ರೈಫಲ್

ಬ್ರಿಟನ್, ನ್ಯೂಜಿಲೆಂಡ್‌ಗಳಲ್ಲಿ ಜಿಂಕೆ ಬೇಟೆಗೆ ಸದ್ದು ತಗ್ಗಿಸುವ ಮಾಡರೇಟರ್ ಮಾಮೂಲು, ಅಲ್ಲಿರುವ ಕನ್ನಡಿಗರಿಗಾಗಿ ಇಷ್ಟು. ಮದ್ದು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಅದು ತಣ್ಣಗಿನ ಮಾಡರೇಟರಿನೊಳಗೆ ಹನಿಗಟ್ಟಿ ಮಸಿಯೊಂದಿಗೆ ಕೆಸರಾಗುತ್ತದೆ. ಕಳಚದೆ ಕಪಾಟಿಗಿಟ್ಟರೆ ಆ ತೇವ ನಳಿಗೆಯ ತುದಿಗೂ ತಿರುಪಿಗೂ ಹತ್ತಿ, ಗುರಿ ನಿರ್ಧರಿಸುವ ಅಂಚನ್ನೇ ತಿನ್ನುತ್ತದೆ. ಅಲ್ಯೂಮಿನಿಯಂ ಮಾಡರೇಟರ್ ಹಗುರ, ಅಗ್ಗ, ಆದರೆ ತೇವದಲ್ಲಿ ಉಕ್ಕಿನ ತಿರುಪಿನೊಂದಿಗೆ ಸೇರಿ ಕಚ್ಚಿಕೊಳ್ಳುತ್ತದೆ, ಕ್ಷಾರದ ಕ್ಲೀನರ್ ಅದಕ್ಕೆ ವಿಷ. ಸ್ಟೇನ್‌ಲೆಸ್ ತೂಕ, ಟೈಟಾನಿಯಂ ದುಬಾರಿ, ಎರಡೂ ಚೆನ್ನಾಗಿ ತಾಳುತ್ತವೆ. ನಳಿಗೆಯ ಮೇಲೆ ಹಿಂದಕ್ಕೆ ಚಾಚುವ ಬಗೆ ಸಮತೋಲಕ್ಕೆ ಒಳ್ಳೆಯದು, ಆದರೆ ಕೊಳವೆಗೂ ನಳಿಗೆಗೂ ನಡುವೆ ಮಳೆನೀರು ಸಿಕ್ಕಿಕೊಳ್ಳುತ್ತದೆ. ಯಾವುದೇ ಇರಲಿ, ಮನೆಗೆ ಬಂದೊಡನೆ ಕಳಚಿ, ಬೆಚ್ಚಗಿನ ಕೋಣೆಯಲ್ಲಿ ಬಾಯಿ ಕೆಳಗಾಗಿ ಒಂದು ದಿನ ಬಿಡಿ, ತಿರುಪಿಗೆ ಕಚ್ಚದಂತೆ ತಡೆಯುವ ಗ್ರೀಸ್ ಒಂದು ಸವರು. ಒಳಗೆ ಎಣ್ಣೆ ಹೊಡೆದರೆ ಮೊದಲ ಗುಂಡಿಗೆ ಹೊಗೆ ಬರುತ್ತದೆ, ಗುರಿಯೂ ಸ್ವಲ್ಪ ಸರಿಯಬಹುದು.

ಯಾರಿಗೆ ಯಾವುದು

ಮನೆಯಲ್ಲಿ ಜನರಿದ್ದು ವಾರಕ್ಕೊಮ್ಮೆ ಕೋವಿ ಮುಟ್ಟುವುದಾದರೆ ಹೊರಗೆ ಮೇಣ, ಒಳಗೆ ತೆಳು ಎಣ್ಣೆ ಸಾಕು. ಹೀಟಿಂಗ್ ರಾಡ್ ಇದ್ದರೆ ಲಾಭ, ಇಲ್ಲದಿದ್ದರೆ ನಷ್ಟವಿಲ್ಲ. ಬೀಗ ಹಾಕಿದ ಮನೆಗೆ ಕರೆಂಟಿನ ಮೇಲೆ ನಿಂತದ್ದು ಯಾವುದೂ ಬೇಡ: ಆರ್‌ಪಿ ಎಣ್ಣೆಯ ತೆಳು ಪೊರೆ, ವಿಸಿಐ ಚೀಲ, ರಬ್ಬರ್ ಪಟ್ಟಿಯ ಕಪಾಟು, ಕೋವಿಗೆ ಅರ್ಧ ಕೆ.ಜಿ. ಜೆಲ್. ಒಂದೇ ಒಂದನ್ನು ಕೊಳ್ಳುವಷ್ಟು ದುಡ್ಡಿದ್ದರೆ ವಿಸಿಐ ಚೀಲ ಕೊಳ್ಳಿ.

ಚುನಾವಣೆಗೆ ಠಾಣೆಗೊಪ್ಪಿಸುವ ಕೋವಿಯ ಸ್ಥಿತಿ ಇನ್ನೊಂದು. 2024ರ ಲೋಕಸಭೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ನಡೆಯಿತು, ಅಂದರೆ ಒಪ್ಪಿಸುವುದು ಬೇಸಿಗೆಯಲ್ಲಿ, ವಾಪಸು ಸಿಗುವುದು ಮೊದಲ ಮಳೆಗೆ. ಅಲ್ಲಿ ಗಾಳಿ ನಮ್ಮ ಕೈಲಿಲ್ಲ, ಯಾರ ಬೆರಳು ತಾಗುತ್ತದೆಂಬುದೂ ಇಲ್ಲ. ಮೇಣ ಅಥವಾ ಆರ್‌ಪಿ ಎಣ್ಣೆ ಹಚ್ಚಿ, ಹಳೆಯ ತುಕ್ಕಿನ ಕಲೆಗಳ ಫೋಟೋ ತೆಗೆದಿಟ್ಟು ಕೊಡಿ. ವಾಪಸು ತಂದ ಸಂಜೆಯೇ ಬಿಚ್ಚಿ ನೋಡಿ.

ಆಗಲೇ ಕೆಂಪು ಹಿಡಿದಿದ್ದರೆ ಹುಣಸೆಹಣ್ಣು, ನಿಂಬೆ, ವಿನೆಗರ್ ಹತ್ತಿರ ಸುಳಿಯಬೇಡಿ, ಆಮ್ಲ ತುಕ್ಕಿನ ಜೊತೆ ನೀಲಿ ಪಾಲಿಶನ್ನೂ ಒಯ್ಯುತ್ತದೆ. ನಾಲ್ಕು ಸೊನ್ನೆಯ (0000, ಅತಿ ನಯವಾದ) ಸ್ಟೀಲ್ ಉಣ್ಣೆಗೆ ಎಣ್ಣೆ ನೆನೆಸಿ ಬೆರಳ ತುದಿಯ ಭಾರದಲ್ಲಷ್ಟೇ ಆಡಿಸಿ, ಆಗಾಗ ಒರೆಸಿ ನೋಡುತ್ತಿರಿ. ಉಗುರಿಗೆ ತಡೆಯುವ ಗುಂಡಿ ಬಿದ್ದಿದ್ದರೆ, ಅದೂ ನಳಿಗೆಯೊಳಗಾದರೆ, ಹೊಡೆಯುವ ಮುಂಚೆ ಕೋವಿ ರಿಪೇರಿಯವರ ಕಣ್ಣಿಗೆ ಬೀಳಲಿ.

ಕೈಲ್ ಪೊಳ್ದ್‌ಗೆ ಎರಡು ದಿನ ಮುಂಚೆ ಕಪಾಟು ತೆರೆದು, ವಿಸಿಐ ಸುರುಳಿ ತೆಗೆದು, ನಳಿಗೆಗೆ ಒಣ ಬಟ್ಟೆ ತಳ್ಳಿ ಬೆಳಕಿಗೆ ಹಿಡಿದು ನೋಡಿ. ಪೂಜೆಗೆ ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂವನ್ನು (ಕೋವಿ ಹೂ) ಬಯಲಿಗೆ ಹೋಗುವ ಮುಂಚೆ ತೆಗೆಯಿರಿ. ಅದರ ಹಸಿ ತೊಟ್ಟು ತಾಗಿದ ಎರಡಂಗುಲವನ್ನು ಆ ಸಂಜೆಯೇ ಒರೆಸಿ, ಒಂದು ಹನಿ ಎಣ್ಣೆ ಸವರಿಬಿಡಿ.